ಗಾಯಕ್ಕೆ ಹಚ್ಚಿದ ಅರಿಶಿನ

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಇದು ನಡೆದದ್ದು ಮಟಮಟ ಮಧ್ಯಾಹ್ನ, ಶಿವಮೊಗ್ಗದ ಒಂದು ಆಸ್ಪತ್ರೆಯ ಎಮರ್ಜೆನ್ಸಿ ವಾರ್ಡಿನಲ್ಲಿ. ನಾನು ಅಲ್ಲಿನ ಡ್ಯೂಟಿ ಡಾಕ್ಟರ್.

ಎದೆನೋವೆಂದು ಭದ್ರಾವತಿಯ ಜನ್ನಾಪುರದಿಂದ ಕರಿಬಸಪ್ಪ ಎನ್ನುವವರನ್ನು ಕರೆತಂದಿದ್ದರು. ಇಸಿಜಿಯಲ್ಲಿ ಹಾರ್ಟ್ ಅಟ್ಯಾಕ್ ಸ್ಪಷ್ಟವಾಗಿತ್ತು. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಇಂಜೆಕ್ಷನ್ನಿನ ಡಬ್ಬಿ ಕೈಗೆತ್ತಿಕೊಂಡೆ. ಅದೇ ಕ್ಷಣ ಹಸಿ ಅರಿಶಿನದ ವಾಸನೆ ಗಪ್ಪನೆ ಬಡಿಯಿತು. ತಣ್ಣನೆಯ ಬೆರಳುಗಳು ನನ್ನ ಮಣಿಕಟ್ಟನ್ನು ಹಿಡಿದಂತಾಯಿತು. ಪಕ್ಕದಲ್ಲಿ ಯಾರೂ ಇರಲಿಲ್ಲ.

“ಸಿಸ್ಟರ್, ಅರಿಶಿನ ಯಾರು ತಂದ್ರು?”

“ಇವರ ತಲೆ ನೋಡಿ ಮೇಡಂ,” ಎಂದಳು ನರ್ಸ್ ಸುಮನಾ. ಕೂದಲ ನಡುವೆ ಹೊಸ ಗಾಯವಿತ್ತು. ಅದರ ಮೇಲೆ ಯಾರೋ ಒದ್ದೆ ಅರಿಶಿನ ಮೆತ್ತಿದ್ದರು.

“ಇವ್ರು ಬಿದ್ದಿದ್ದೇ ನಂಗೆ ಗೊತ್ತಿಲ್ಲ ಡಾಕ್ಟ್ರಮ್ಮ, ಅರಿಶಿನ ಎಲ್ಲಿಂದ ಹಚ್ಲಿ?” ಎಂದರು ಹೆಂಡತಿ ಗಂಗಮ್ಮ.

ಸ್ಕ್ಯಾನ್ ಮಾಡಿಸಿದರೆ ಮೆದುಳಿನಲ್ಲಿ ರಕ್ತಸ್ರಾವ. ಆ ಇಂಜೆಕ್ಷನ್ ಕೊಟ್ಟಿದ್ದರೆ ರಕ್ತ ನಿಲ್ಲದೆ ಮನುಷ್ಯ ನನ್ನ ಕೈಯಲ್ಲೇ ಹೋಗುತ್ತಿದ್ದ. ಬೇರೆ ಚಿಕಿತ್ಸೆ ಮಾಡಿದೆವು, ಬದುಕಿದರು. ನನಗೆ ಕುಣಿಯುವಷ್ಟು ಖುಷಿ.

ಮಧ್ಯಾಹ್ನ ತೆರೆಯದೆ ವಾಪಸಿಟ್ಟಿದ್ದ ಅದೇ ಡಬ್ಬಿಯನ್ನು ಸಂಜೆ ಇನ್ನೊಬ್ಬ ರೋಗಿಗೆಂದು ಕೈಗೆತ್ತಿಕೊಂಡೆ. ಕಂಪನಿಯ ಸೀಲ್ ಹಾಗೇ ಇತ್ತು, ಒಡೆದವಳು ನಾನೇ. ಒಳಗಿನ ಬಾಟಲಿಯ ಮೇಲೆ ಅರಿಶಿನದ ಬೆರಳಚ್ಚಿತ್ತು, ಇನ್ನೂ ಒದ್ದೆಯಾಗಿತ್ತು.