ಸೀಗಡಿ ಸತ್ತವು, ಮೀನು ಉಳಿದವು

ಒವೈಸ ಬಂದು ಗೇಟಿನ ಚಿಲಕ ಅಲುಗಿಸಿದಾಗ ಲಾಲ ಅಹ್ಮದ ಆಗಷ್ಟೇ ಕಾರಿನ ಬಾನೆಟ್ ಮುಚ್ಚಿ, ಇವತ್ತು ಯಾರು ಕರೆದರೂ ಎಲ್ಲಿಗೂ ಹೋಗುವುದಿಲ್ಲ ಎಂದು ಗಟ್ಟಿ ಮನಸ್ಸು ಮಾಡಿ ಕಟ್ಟೆಯ ಮೇಲೆ ಕುಳಿತಿದ್ದ. ಭಾನುವಾರ ಬೆಳಿಗ್ಗೆ. ಬೀದರಿನ ಬಿಸಿಲು ಆಗಲೇ ಗೋಡೆ ಹತ್ತಿತ್ತು. ಅವನ ಗಟ್ಟಿ ಮನಸ್ಸು ಒಂದು ಚಹಾ ಆರುವಷ್ಟು ಹೊತ್ತೂ ಬಾಳಿದ್ದು ಕಡಿಮೆ.

"ಡಾಕ್ಟರಬಾಯಿ ಇದ್ದಾರೇನ್ರಿ ಚಾಚಾ?"

"ಇದ್ದಾರ. ಎಲ್ಲಿಗಾದ್ರೂ ಹೋಗಿದ್ರ ನಂಗೂ ಚಲೋ ಆಗ್ತಿತ್ತು. ಕೂಡು, ಏನಾಗ್ಯದ ಹೇಳು."

ಡಾಕ್ಟರಬಾಯಿ ಎಂದರೆ ಕುಮುದಿನಿಬಾಯಿ. ಭಾಲ್ಕಿ, ಔರಾದಗಳ ದನದ ದವಾಖಾನೆಗಳಲ್ಲಿ ಮೊಣಕಾಲು ಸವೆಯುವ ತನಕ ದುಡಿದು ನಿವೃತ್ತರಾದವರು; ಲಾಲ ಅಹ್ಮದ ಅವರ ಕಂಪೌಂಡರ್, ಈಗ ಡ್ರೈವರ್. ಆ ಕಾಲದಲ್ಲಿ ದನ ಸತ್ತರೆ ಜನ ಮೊದಲು ಯಾರೋ ವಿಷ ಹಾಕಿದ್ದಾರೆ ಎನ್ನುತ್ತಿದ್ದರು, ಆಮೇಲೆ ಡಾಕ್ಟರರನ್ನು ಕರೆಯುತ್ತಿದ್ದರು. ಹಾಕಿದವರು ಯಾರು, ಹಾಕಿದ್ದು ಏನು, ನಿಜಕ್ಕೂ ಹಾಕಿದ್ದಾರೆಯೇ ಎಂದು ಹುಡುಕಿ ಹುಡುಕಿ ಇಬ್ಬರಿಗೂ ಪತ್ತೇದಾರರೆಂಬ ಹೆಸರು ಅಂಟಿಕೊಂಡಿತ್ತು. ಪೆನ್ಷನ್ ಬಂದರೂ ಆ ಹೆಸರು ಬಿಡಲಿಲ್ಲ.

ಒವೈಸ ಬಣ್ಣದ ಮೀನಿನ ಅಂಗಡಿಯವನು. ರಾತ್ರಿಯಿಡೀ ಕಣ್ಣು ಮುಚ್ಚಿರಲಿಲ್ಲವೆಂದು ಮುಖವೇ ಹೇಳುತ್ತಿತ್ತು. ಮೈಲೂರಿನ ಅಮಿತಕುಮಾರನ ಮನೆಗೆ ಅವನು ಉಪ್ಪುನೀರಿನ ಸಣ್ಣ ತೊಟ್ಟಿಯೊಂದನ್ನು ಕಟ್ಟಿಕೊಟ್ಟಿದ್ದ. ಸಮುದ್ರದ ಮೀನುಗಳ ತೊಟ್ಟಿ. ಒಂದು ತಿಂಗಳ ಮೇಲೆ ಚೆನ್ನಾಗಿಯೇ ಇತ್ತು. ಈ ವಾರ ಅದರೊಳಗಿನ ಸೀಗಡಿ, ಬಸವನಹುಳು, ಪುಟ್ಟ ಏಡಿಗಳೆಲ್ಲ ಒಂದರ ಹಿಂದೆ ಒಂದು ಸತ್ತವು. ರೋಗದ ಮಾಲು ಮಾರಿದ್ದಾನೆಂದು ಅಮಿತಕುಮಾರ ನಿನ್ನೆ ಸಂಜೆ ಅಂಗಡಿಗೇ ಬೀಗ ಜಡಿದಿದ್ದ. ಮಳಿಗೆ ಅಮಿತಕುಮಾರನದೇ, ಒವೈಸ ಬಾಡಿಗೆಗಿದ್ದ.

"ಒಳಗ ಜೀವ ಅವರಿ ಡಾಕ್ಟರಬಾಯಿ," ಅಂದ ಒವೈಸ, ಬಾಗಿಲಿಗೆ ಬಂದು ನಿಂತಿದ್ದ ಕುಮುದಿನಿಬಾಯಿಯವರಿಗೆ. "ಕರೆಂಟ್ ಮೇನ್ ಬಂದ್ ಮಾಡ್ಯಾರ. ಗಾಳಿ ಮಷೀನ್ ಬ್ಯಾಟರಿ ಮ್ಯಾಲೆ ಸಂಜಿತನಕ ನಡದ್ರ ಹೆಚ್ಚು. ಆಮ್ಯಾಲೆ ಒಂದೂ ಉಳಿಯಂಗಿಲ್ರಿ. ನನ್ನ ದುಕಾನ ಅಂದ್ರ ಅವೇರಿ."

ಕುಮುದಿನಿಬಾಯಿ ಮೊಣಕಾಲು ಹಿಡಿದುಕೊಂಡು ಕುಳಿತರು. "ಏನೇನು ಕೊಟ್ಟಿದ್ದಿ? ಅವನ್ನೇ ಯಾಕ ಕೊಟ್ಟಿ?"

"ಅವರಿಗೆ ಇದು ಮೊದಲನೇ ತೊಟ್ಟಿರಿ. ಸಣ್ಣದು. ಸಾನಿಕಾಬಾಯಿ ಅವರು ದೊಡ್ಡ ನೀಲಿ ಮೀನು ಕೇಳಿದ್ರು, ನಾ ಕೊಡಂಗಿಲ್ಲ ಅಂದೆ. ಅದು ಬೆಳದ್ರ ಈ ತೊಟ್ಟಿಯಾಗ ಹೊಳ್ಳಾಕೂ ಆಗಂಗಿಲ್ಲ. ಮುಳ್ಳಿನ ಮೀನು ಕೇಳಿದ್ರು, ಅದು ಝಿಂಗಾ, ಅಂದ್ರ ಸೀಗಡಿ, ತಿಂತದ ಅಂದೆ. ಕಡೀಕ ಕ್ಲೌನ್ ಮೀನು ಒಂದು ಜೋಡಿ, ಅವು ಮ್ಯಾಲೆ ಇರ್ತಾವ. ತಳದಾಗ ಮರಳು ಕೆದರಕೋತ ಇರ್ಲಿ ಅಂತ ಒಂದು ಗೋಬಿ ಮೀನು. ಹೊಲಸು ತಿನ್ನಾಕ ಝಿಂಗಾ, ಬಸವನಹುಳ, ಏಡಿ. ಒಬ್ಬರ ಜಾಗಾಕ್ಕ ಒಬ್ಬರು ಬರಂಗಿಲ್ಲ, ಒಬ್ಬರನ್ನ ಒಬ್ಬರು ತಿನ್ನಂಗಿಲ್ಲ. ನೋಡಿ ನೋಡಿ ಹೊಂದ್ಸಿದ್ದೆರಿ."

"ಮೀನು ಸತ್ತಾವ ಏನು?"

"ಇಲ್ರಿ. ಮೀನು ಅರಾಮ ಅವ."

ಕುಮುದಿನಿಬಾಯಿ ಕನ್ನಡಕ ತೆಗೆದು ಸೆರಗಿನಿಂದ ಒರೆಸತೊಡಗಿದರು. ಲಾಲ ಅಹ್ಮದ ಕೇಳದೆಯೇ ಎದ್ದು ಕಾರಿನ ಕೀಲಿ ತೆಗೆದುಕೊಂಡ. ಬಾಯಿಯವರು ಕನ್ನಡಕ ಒರೆಸಿದರೆ ಮುಂದೆ ಪೆಟ್ರೋಲ್ ಖರ್ಚಾಗುತ್ತದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಮೈಲೂರಿನ ಮನೆಯಲ್ಲಿ ಮೂವರು ಮೂರು ಕಡೆ ಕುಳಿತಿದ್ದರು. ಅಮಿತಕುಮಾರ ಔರಾದದಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟವನು, ದಿನಾ ಬೆಳಗಾದರೆ ಅಲ್ಲಿಗೆ ಹೋಗುತ್ತಾನೆ. ಹೆಂಡತಿ ಸಾನಿಕಾ ಭಾಲ್ಕಿಯ ಮರಾಠಿ ಮನೆತನದ ಹುಡುಗಿ. ಅಲ್ಲಿನ ಬ್ಯಾಂಕೊಂದರಲ್ಲಿ ನೌಕರಿ, ಅವಳೂ ಬೆಳಿಗ್ಗೆಯೇ ಹೊರಡುವವಳು. ಅಡುಗೆಮನೆಯ ಬಾಗಿಲಲ್ಲಿ ಅಮಿತಕುಮಾರನ ತಾಯಿ ಗುಂಡಮ್ಮ, ಹಣೆ ತುಂಬ ವಿಭೂತಿ. ಬಂದವರಿಗೆ ಕುರ್ಚಿ ಕೊಟ್ಟರು. ಒವೈಸನಿಗೆ ಯಾರೂ ಕೂಡು ಅನ್ನಲಿಲ್ಲ. ಅವನು ಚಪ್ಪಲಿಗಳ ಪಕ್ಕ ನಿಂತೇ ಇದ್ದ, ಅದನ್ನು ನೋಡಿ ಲಾಲ ಅಹ್ಮದನಿಗೂ ತನ್ನ ಕುರ್ಚಿ ಹಿತವೆನಿಸಲಿಲ್ಲ.

"ಬೀಗ ಮೊದಲ ತಗೀರಿ, ಮಾತು ಆಮ್ಯಾಲೆ ಆಡೂಣು," ಅಂದರು ಕುಮುದಿನಿಬಾಯಿ.

"ಅದು ಆಗಂಗಿಲ್ರಿ. ಅವನ ತಪ್ಪಿಲ್ಲ ಅಂತ ತೋರಿಸ್ರಿ, ತಗೀತೇನಿ," ಅಂದ ಅಮಿತಕುಮಾರ.

ತೊಟ್ಟಿ ಚೆನ್ನಾಗಿತ್ತು. ಬಿಳಿ ಪಟ್ಟೆಯ ಎರಡು ಕಿತ್ತಳೆ ಮೀನು ಜೊತೆಗೂಡಿ ಓಡಾಡುತ್ತಿದ್ದವು, ಗೋಬಿ ಮರಳು ಬಾಯಿಗೆ ಹಾಕಿ ಉಗುಳುತ್ತಿತ್ತು. ಮೂಲೆಯ ಕಲ್ಲಿನ ಸಂದಿಯಿಂದ ಇನ್ನೊಂದು ನೀಲಿ ಮರಿ ಇಣುಕಿ, ಗಾಜಿನ ಮೇಲಿನ ಬೆರಳಿಗೇ ನುಗ್ಗಿ ಬಂತು.

"ಇದು ನಾ ಕೊಟ್ಟದ್ದಲ್ರಿ," ಅಂದ ಒವೈಸ. "ಇದು ಡ್ಯಾಮ್ಸೆಲ್. ಭಾಳ ಜಗಳಗಂಟಿ."

"ನನ್ನ ತಮ್ಮ ಮಕರಂದ ಹೈದರಾಬಾದಿಂದ ತಂದ," ಅಂದಳು ಸಾನಿಕಾ. "ಅದು ಕೊಂದದೇನ್ರಿ?"

ಸತ್ತವುಗಳನ್ನು ಒಂದು ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿ ಇಟ್ಟಿದ್ದರು. ಕುಮುದಿನಿಬಾಯಿ ಕನ್ನಡಕ ಏರಿಸಿ ಒಂದೊಂದನ್ನೇ ಹೊರಳಿಸಿ ನೋಡಿದರು. ಸೀಗಡಿಯ ಒಂದು ಮೀಸೆಯೂ ಮುರಿದಿರಲಿಲ್ಲ. ಬಸವನಹುಳುಗಳು ಚಿಪ್ಪಿನೊಳಗೇ ಇದ್ದವು. ಮೀನುಗಳ ರೆಕ್ಕೆಯಲ್ಲೂ ಹರಿದ ಗುರುತಿಲ್ಲ. ಒವೈಸ ತನ್ನ ಸಾಧನದಿಂದ ಉಪ್ಪು ಅಳೆದ, ಸರಿಯಾಗಿತ್ತು.

ಆ ಡಬ್ಬಿ ಫ್ರಿಜ್ಜಿನಿಂದ ಬಂದಾಗ ಗುಂಡಮ್ಮ ಮುಖ ತಿರುಗಿಸಿದ್ದನ್ನು ಲಾಲ ಅಹ್ಮದ ನೋಡಿದ. ಸಾನಿಕಾಳೂ ನೋಡಿದಳು.

"ಹೇಳೇಬಿಡ್ತೇನಿ," ಅಂದಳು ಅವಳು. "ಇದು ಲಿಂಗವಂತರ ಮನಿ. ಈ ಮೀನಿಗೆ ಹಾಕೋ ಊಟ ಅಂದ್ರ ಬರ್ಫಗಟ್ಟಿದ ಝಿಂಗಾ, ಫ್ರೀಜರನಾಗ ಇಡಬೇಕಾಗ್ತದ. ಅದನ್ನ ಇಟ್ಟ ದಿನ ಜಗಳಾ ಆತು, ಅಂದಿನಿಂದ ಅತ್ತಿ ಅವರು ಫ್ರಿಜ್ ಮುಟ್ಟಿಲ್ಲ. ನನ್ನ ತೊಟ್ಟಿ ಯಾರಿಗೆ ಬ್ಯಾಡಾಗಿತ್ತು ಅಂತ ನಂಗ ಗೊತ್ತದ. ಇವರು ಒವೈಸನ ತಪ್ಪು ಅಂದ್ರು, ಸುಮ್ಮನಾದೆ."

ಅಮಿತಕುಮಾರ ಗಡಬಡಿಸಿ, "ಅವ್ವಾರ ಮ್ಯಾಲೆ ಯಾಕ ಹಾಕ್ತಿ? ಮಾಲೇ ರೋಗದ್ದು ಅಂತ ಹೇಳಿಲ್ಲೇನು," ಅಂದ.

ಕುಮುದಿನಿಬಾಯಿ ತೊಟ್ಟಿಯ ಗಾಜಿಗೆ ಅಂಟಿಸಿದ್ದ ಪಟ್ಟಿಯನ್ನು ಮುಟ್ಟಿದರು. ನೀರು ಸರಿಯಾಗಿ ಆ ಗೆರೆಗೇ ಇತ್ತು.

"ಬಿಸಿಲಿಗೆ ದಿನಾ ನೀರು ಆರ್ತದರಿ," ವಿವರಿಸಿದ ಒವೈಸ. "ಉಪ್ಪು ಒಳಗೇ ಉಳೀತದ. ಅದಕ್ಕ ಬರೇ ಸಾದಾ ಫಿಲ್ಟರ್ ನೀರು ಗೆರಿತನಕ ಹಾಕಬೇಕು ಅಂತ ಹೇಳಿದ್ದೆ. ಕ್ಯಾನ್ ಕೊಟ್ಟೇನಿ."

"ಇವರು ಹಾಕ್ತಾರ," ಅಂದಳು ಸಾನಿಕಾ.

"ಹೌದು, ನಾನೇ," ಅಂದ ಅಮಿತಕುಮಾರ.

ಕ್ಯಾನು ಸ್ಟ್ಯಾಂಡಿನ ಹಿಂದೆ ಇತ್ತು. ಲಾಲ ಅಹ್ಮದ ಬಗ್ಗಿ ಎಳೆದ. ಬಾಯಿಗೆ ಸೀಲು ಹಾಗೇ ಇತ್ತು, ಮೇಲೆ ಧೂಳು. ಅವನು ಬಾಯಿಯವರ ಮುಖ ನೋಡಿದ. ಅವರು ಕುಡಿಯಲು ನೀರು ಬೇಕೆಂದು ಅಡುಗೆಮನೆಗೆ ನಡೆದರು.

ಅಡುಗೆಮನೆಯ ಹಿತ್ತಾಳೆ ಸಾಮಾನುಗಳೆಲ್ಲ ಹುಣಸೆಹಣ್ಣು ಹಚ್ಚಿ ತಿಕ್ಕಿ ಲಕಲಕ ಹೊಳೆಯುತ್ತಿದ್ದವು. ಕಟ್ಟೆಯ ಮೂಲೆಯಲ್ಲಿ ಸ್ಟೀಲಿನ ಸಣ್ಣ ಕೊಡವೊಂದಿತ್ತು, ಆದರೆ ಅದರ ಕೆಳಗೆ ಕಲ್ಲಿನ ಮೇಲೆ ಹಸಿರುಗಟ್ಟಿದ ದುಂಡನೆಯ ಗುರುತು ಕೊಡಕ್ಕಿಂತ ದೊಡ್ಡದಾಗಿತ್ತು.

"ಇಲ್ಲಿ ಇನ್ನೊಂದು ಕೊಡ ಇತ್ತಲ್ಲ?"

"ಕಲಾಯಿಗೆ ಕೊಟ್ಟೇನ್ರಿ," ಹಿಂದಿನಿಂದ ಬಂದ ಅಮಿತಕುಮಾರನೇ ಉತ್ತರ ಕೊಟ್ಟ. ಪ್ರಶ್ನೆ ಕೇಳಿದ್ದು ಗುಂಡಮ್ಮನನ್ನು.

ಕುಮುದಿನಿಬಾಯಿ ಹೊರಗೆ ಬಂದು ಕುರ್ಚಿಯಲ್ಲಿ ಕುಸಿದರು. ಅವರಿಗೆ ಗೆದ್ದ ಖುಷಿ ಇರಲಿಲ್ಲ. ಇಂಥ ಸಮಯದಲ್ಲಿ ಅವರ ಮುಖ ಹೀಗೇ ಇಳಿಯುತ್ತದೆ. ಹುಡುಕಿದ್ದು ಸಿಕ್ಕಿತು, ಇನ್ನು ಅದನ್ನು ಹೇಳಬೇಕಲ್ಲ ಎಂಬ ದಣಿವು.

"ಲಾಲ ಅಹ್ಮದ, ಔರಾದದ ಕುರಿ ನೆನಪವ ಏನು?"

"ನೆನಪು ಅವರಿ." ಮರೆಯುವಂಥದ್ದಲ್ಲ. ಒಂದೇ ಕೊಟ್ಟಿಗೆ, ಒಂದೇ ಹಿಂಡಿ. ಎಮ್ಮೆಗಳು ತಿಂದು ಮೆಲುಕು ಹಾಕುತ್ತಿದ್ದವು, ಕುರಿಗಳೆಲ್ಲ ಸತ್ತಿದ್ದವು. ವಿಷ ಹಾಕಿದ್ದು ನೀನೇ ಎಂದು ಅಣ್ಣತಮ್ಮಂದಿರು ಒಬ್ಬರ ಮೇಲೊಬ್ಬರು ಕೊಡಲಿ ಎತ್ತಿದ್ದರು.

"ಎಲ್ಲರೂ ಕೂಡ್ರಿ. ಒವೈಸಗೂ ಕುರ್ಚಿ ಕೊಡ್ರಿ, ಇಲ್ಲಾಂದ್ರ ನಾ ಮಾತಾಡಂಗಿಲ್ಲ."

ಸಾನಿಕಾ ಕುರ್ಚಿ ತಂದಳು.

"ರೋಗದ ಮಾಲಾಗಿದ್ರ ಮೊದಲ ಮೀನಿಗೆ ಹತ್ತತಿತ್ತು, ಮೀನು ಅರಾಮ ಅವ. ಮಕರಂದನ ನೀಲಿ ಮೀನು ಜಗಳಗಂಟಿ ಖರೇ, ಆದ್ರ ಅದು ಕೊಂದಿದ್ರ ಕಾಲು ಮೀಸಿ ಹರೀತಿತ್ತು. ಅಮಿತಕುಮಾರ, ನಿಮ್ಮ ಕೈಗೆ ಹತ್ತಿದ ಹುಳದ ಔಷಧಿ ಇರಬಹುದು ಅಂತಾನೂ ವಿಚಾರ ಮಾಡಿದೆ. ಅದಾಗಿದ್ರ ಎಲ್ಲಾ ಒಂದೇ ರಾತ್ರಿಗೆ ಸಾಯ್ತಿದ್ವು, ಹಿಂಗ ಒಂದರ ಹಿಂದೆ ಒಂದಲ್ಲ. ಹಂಗಾದ್ರ ಸತ್ತವು ಯಾವು? ಬೆನ್ನೆಲುಬಿಲ್ಲದವು ಮಾತ್ರ. ಒಂದು ಜೀವಕ್ಕ ನಡೆಯೋದು ಇನ್ನೊಂದಕ್ಕ ವಿಷ. ಔರಾದದಾಗ ಎಮ್ಮಿ ಹಿಂಡಿಯೊಳಗಿನ ತಾಮ್ರ ಕುರಿಗೆ ವಿಷ ಆಗಿತ್ತು. ಇಲ್ಲೂ ತಾಮ್ರ."

"ತಾಮ್ರಾನೇರಿ," ಒವೈಸ ಎದ್ದೇ ನಿಂತ. "ಮೀನು ಸ್ವಲ್ಪ ತಡೀತಾವ, ಝಿಂಗಾ ತಡಿಯಂಗಿಲ್ಲ. ನಂಗ ಹೊಳೀಲೇ ಇಲ್ಲ."

"ಇವನ ದುಕಾನದ ಮೀನಿನ ಔಷಧಿಯಾಗೇ ತಾಮ್ರ ಇರ್ತದ," ಅಂದ ಅಮಿತಕುಮಾರ.

"ಇರ್ಲಿ. ಅಲ್ಲಿಂದ ಬಂದಿದ್ರ ಮೊದಲನೇ ವಾರಾನೇ ಸಾಯ್ತಿದ್ವು. ತಿಂಗಳ ಮ್ಯಾಲೆ ಬದುಕ್ಯಾವ. ಅಂದ್ರ ದಿನಾ ಒಂದಿಷ್ಟು ಕೂಡಿಕೋತ ಹೋಗ್ಯದ. ಇಲ್ಲಿ ದಿನಾ ಬೀಳೋದು ಏನು? ಆರಿದ ನೀರಿನ ಬದಲಿ ನೀರು. ಕ್ಯಾನಿನ ಸೀಲು ಒಡದಿಲ್ಲ, ಗೆರಿ ಮಾತ್ರ ಬರೋಬ್ಬರಿ ಅದ. ನೀವು ಔರಾದಕ್ಕ, ಇವರು ಭಾಲ್ಕಿಗೆ. ಮನ್ಯಾಗ ಉಳಿಯೋರು ಒಬ್ಬರೇ."

ಎಲ್ಲರೂ ಗುಂಡಮ್ಮನ ಕಡೆ ತಿರುಗಿದರು. ಲಾಲ ಅಹ್ಮದನಿಗೆ ಆ ಮುಖ ನೋಡಲಾಗಲಿಲ್ಲ.

"ನಾನೇ ಹಾಕ್ತಿದ್ದೆ," ಅಂದಳು ಆಕೆ ಮೆಲ್ಲಗೆ. "ಪ್ಲಾಸ್ಟಿಕ್ ಡಬ್ಬಿ ನೀರು ನಾ ಕುಡಿಯಂಗಿಲ್ರಿ. ಅವಕ್ಕ ಹ್ಯಾಂಗ ಹಾಕ್ಲಿ? ಎಲ್ಲಿಂದಲೋ ಬಂದಾವ. ಆರೋಗ್ಯಕ್ಕ ಚಲೋ ಅಂತ ರಾತ್ರಿ ತಾಮ್ರದ ಕೊಡದಾಗ ನೀರು ಇಡ್ತೇನಿ. ಲಿಂಗಪೂಜಿ ಆದ ಮ್ಯಾಲೆ, ನಾ ಕುಡಿಯೂಕಿಂತ ಮೊದಲ, ಸ್ಟೂಲ್ ಮ್ಯಾಲೆ ನಿಂತು ಅವಕ್ಕ ಒಂದು ತಂಬಿಗಿ ಹಾಕ್ತಿದ್ದೆ. ಕೊಡಾನೂ ದಿನಾ ಹುಣಸಿಹಣ್ಣು ಹಚ್ಚಿ ತಿಕ್ಕತಿದ್ದೆ."

"ನನಗ ಯಾಕ ಹೇಳ್ಲಿಲ್ರಿ ಅತ್ತಿ?"

"ಫ್ರಿಜ್ಜಿನ ಜಗಳಾದ ಮ್ಯಾಲೆ ನೀ ನನ್ನ ಕೂಡ ಮಾತಾಡಿದ್ದು ಯಾವಾಗವ್ವ?"

ಸಾನಿಕಾ ತಲೆ ತಗ್ಗಿಸಿದಳು.

"ಇದು ಗೊತ್ತಿಲ್ದ ಆದದ್ದು," ಮುಂದುವರಿಸಿದರು ಕುಮುದಿನಿಬಾಯಿ. "ಗೊತ್ತಿದ್ದು ಆದದ್ದು ಬ್ಯಾರೆ ಅದ. ಗುಂಡಮ್ಮ, ನಿಮ್ಮ ಕೊಡ ಎಲ್ಲಿ?"

"ಸೋರ್ತದ ಅಂದ. ಬೆಸಗಿ ಹಾಕಿಸಿಕೊಂಡು ಬರ್ತೇನಿ ಅಂತ ಒಯ್ದಾನ."

"ನನಗ ಕಲಾಯಿ ಅಂದ್ರು. ತಾಮ್ರದ ನೀರು ಕುಡೀಬೇಕು ಅನ್ನೋರು ಆ ಕೊಡಕ್ಕ ಒಳಗ ತವರದ ಕಲಾಯಿ ಹಾಕಸ್ತಾರೇನು? ಹಾಕಿಸಿದ್ರ ನೀರಿಗೆ ತಾಮ್ರ ಹತ್ತೋದೇ ಇಲ್ಲ. ಒಂದು ಕೊಡಕ್ಕ ಎರಡು ಸುಳ್ಳು. ಅಮಿತಕುಮಾರ, ನೀವು ತಾಮ್ರದ ಮೈಲುತುತ್ತ ಮಾರೋರು, ತಾಮ್ರ ಏನು ಮಾಡ್ತದ ಅಂತ ನಿಮಗ ಬ್ಯಾರೆ ಯಾರೂ ಹೇಳಬೇಕಾಗಿಲ್ಲ. ನಮಗಿಂತ ಮೊದಲ ನಿಮಗ ತಿಳೀತು. ತಿಳದ ಮ್ಯಾಲೆ ಕೊಡ ಮುಚ್ಚಿಟ್ರಿ, ದುಕಾನಕ್ಕ ಬೀಗ ಹಾಕಿದ್ರಿ."

"ಕಾರಿನ ಡಿಕ್ಕಿಯಾಗ ಅದ," ಅಂದ ಅಮಿತಕುಮಾರ. "ಗೊತ್ತಾದ್ರ ಅವ್ವಾರು ಬೇಕಂತಲೇ ಮಾಡ್ಯಾರ ಅಂತ ಇಕಿ ಅಂತಿದ್ದಳ್ರಿ. ತವರಿಗೆ ಹೋದ್ರ ಮತ್ತ ಬರ್ತಿದ್ದಿಲ್ಲ. ಮನಿ ಉಳಸಬೇಕಿತ್ತು. ಒವೈಸಗ ಬ್ಯಾರೆ ಕಡೆ ಮಳಿಗಿ ಸಿಗ್ತದ ಅಂದ್ಕೊಂಡೆ."

"ಅತ್ತಿ ನನ್ನ ಝಿಂಗಾ ಕೊಂದ್ರು ಅಂತ ನಾ ಅವರನ್ನ ಬೈದಿದ್ರ, ನಾಲ್ಕು ದಿನಕ್ಕ ತಣ್ಣಗಾಗ್ತಿದ್ದೆ," ಅಂದಳು ಸಾನಿಕಾ. "ನೀವು ಮಾಡಿದ್ದಕ್ಕ ನಾ ಏನು ಮಾಡ್ಲಿ?"

ಗುಂಡಮ್ಮ ಎದ್ದು ಬಂದು ಮಗನ ಮುಂದೆ ಕೈ ಚಾಚಿದಳು.

"ದುಕಾನದ ಕೀಲಿ ಕೊಡು. ನನ್ನ ಹೆಸರಿನ ಮ್ಯಾಲೆ ಇನ್ನೊಬ್ಬರ ಹೊಟ್ಟಿಗೆ ಹೊಡಿ ಅಂತ ನಾ ಹೇಳಿದ್ದಿಲ್ಲ."

ಕೀಲಿಯನ್ನು ಆಕೆ ಒವೈಸನ ಅಂಗೈಯಲ್ಲಿ ಇಟ್ಟಳು. ಆಮೇಲೆ ಯಾರನ್ನೂ ಕೇಳದೆ ಹೊರಗೆ ಬಂದು ಲಾಲ ಅಹ್ಮದನ ಕಾರಿನ ಹಿಂದಿನ ಸೀಟಿನಲ್ಲಿ ಕುಳಿತಳು. ಸಾನಿಕಾ ಸೀಲು ಒಡೆಯದ ಕ್ಯಾನನ್ನು ಎತ್ತಿಕೊಂಡು ಬಂದು ಪಕ್ಕದಲ್ಲಿ ಕುಳಿತಳು. ಕುಮುದಿನಿಬಾಯಿ ಅವರಿಬ್ಬರ ಆಚೆ ಇಕ್ಕಟ್ಟಾಗಿ ಕುಳಿತರು.

"ಮೀನಿಗೆ ಮೀನು ಹೊಂದ್ತದೋ ಇಲ್ಲೋ ಅಂತ ಎಲ್ಲಾ ನೋಡಿದೆ," ಒವೈಸ ಮುಂದಿನ ಸೀಟಿನಲ್ಲಿ ಕುಳಿತು ತನಗೇ ಹೇಳಿಕೊಳ್ಳುತ್ತಿದ್ದ. "ಮನ್ಯಾಗ ನೀರು ಯಾರು ಹಾಕ್ತೀರಿ ಅಂತ ಒಂದು ಮಾತು ಕೇಳಬೇಕಿತ್ತು."

ಷಟರ್ ಎತ್ತಿದಾಗ ಒಳಗಿನ ಬಿಸಿ ಮುಖಕ್ಕೆ ಹೊಡೆಯಿತು. ಗಾಳಿ ಮಷೀನಿನ ಸದ್ದಿರಲಿಲ್ಲ. ಬ್ಯಾಟರಿ ಸಂಜೆಯ ತನಕ ಕಾದಿರಲಿಲ್ಲ. ಒವೈಸ ಮೇನ್ ಹಾಕಿ, ಸಾಲಿನಿಂದ ಸಾಲಿಗೆ ಓಡಿದ. ಮೇಲಿನ ತೊಟ್ಟಿಗಳಲ್ಲಿ ಮೀನುಗಳು ಬಾಯಿ ತೆರೆದು ನೀರಿನ ಮೇಲ್ಭಾಗಕ್ಕೆ ಬಂದಿದ್ದವು, ಬದುಕಿದ್ದವು. ಕೆಳಗಿನ ಎರಡು ಉಪ್ಪುನೀರಿನ ತೊಟ್ಟಿಗಳಲ್ಲಿ ಎಲ್ಲವೂ ಮಗುಚಿ ಬಿದ್ದಿದ್ದವು. ಅವನು ಅವುಗಳ ಮುಂದೆ ಕುಕ್ಕರಗಾಲಲ್ಲಿ ಕುಳಿತು ಗಾಜಿಗೆ ಹಣೆ ಹಚ್ಚಿದ.

ಲಾಲ ಅಹ್ಮದನಿಗೆ ಸಿಟ್ಟು ಬಂತು, ಆದರೆ ಸಿಟ್ಟು ಮಾಡಲು ಎದುರಿಗೆ ಸರಿಯಾದ ಮನುಷ್ಯನಿರಲಿಲ್ಲ. ಅಮಿತಕುಮಾರ ತನ್ನ ಕಾರಿನಲ್ಲಿ ಹಿಂದೆಯೇ ಬಂದು ರಸ್ತೆಯ ಆಚೆ ನಿಂತಿದ್ದ, ದಾಟಿ ಬರಲಿಲ್ಲ. ಕುಮುದಿನಿಬಾಯಿ ಮೆಟ್ಟಿಲ ಮೇಲೆ ಕುಳಿತು ಮೊಣಕಾಲು ತಿಕ್ಕಿಕೊಳ್ಳುತ್ತಿದ್ದರು.

ಗುಂಡಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಲ್ಲಿದ್ದ ಪ್ಲಾಸ್ಟಿಕ್ ಬಕೆಟ್ ಎತ್ತಿಕೊಂಡು ಒವೈಸನ ಹಿಂದೆ ಹೋಗಿ ನಿಂತಳು. ಅವನು ತಿರುಗುವ ತನಕ ಕಾದಳು.

"ಯಾವುದಕ್ಕ ಯಾವ ನೀರು ಹಾಕಬೇಕು, ನೀನೇ ಹೇಳಪ್ಪ," ಅಂದಳು. "ಕೇಳಿ ಹಾಕ್ತೇನಿ."