ಮೂರನೇ ಬೇಟಾ

ಅಮರಮ್ಮನ ಎಸ್‌ಟಿಡಿ ಬೂತಿನ ಗಾಜಿನ ಬಾಗಿಲು ಪೂರ್ತಿ ಮುಚ್ಚುತ್ತಿರಲಿಲ್ಲ. ಬೆರಳು ತೂರುವಷ್ಟು ಸಂದು ಉಳಿಯುತ್ತಿತ್ತು. ಸಿಂಧನೂರಿನ ಅರ್ಧ ಸುದ್ದಿ ಆ ಸಂದಿನಿಂದಲೇ ಅವಳ ಕಿವಿಗೆ ಬೀಳುತ್ತಿತ್ತು. ಭತ್ತದ ದರ, ಹೆರಿಗೆ, ಮುನಿಸು, ರಾಜಿ. ಕೇಳಿದ್ದನ್ನು ಅವಳು ಯಾರಿಗೂ ದಾಟಿಸಿದವಳಲ್ಲ.

ತೊಂಬತ್ತೈದರ ಬೇಸಿಗೆಯ ಆ ಮಧ್ಯಾಹ್ನ ಕೇಳಿದ್ದನ್ನು ಮಾತ್ರ ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ.

"ಮೂರನೇ ಬೇಟಾ ಮನಿ ಮುಟ್ಟೈತ್ರಿ ಇಸ್ಮಾಯಿಲ್‌ಸಾಬ್," ಎಂದು ಒಳಗಿನಿಂದ ಆದೆಪ್ಪ ಹೈದರಾಬಾದಿಗೆ ಹೇಳುತ್ತಿದ್ದ. "ಎರಡನೇದರಂಗ ಹಟಮಾರಿ ಅಲ್ಲ, ಶಾಂತ ಐತಿ. ನಾ ಎಲ್ಲೂ ಬಾಯಿ ಬಿಟ್ಟಿಲ್ಲ. ಮಸ್ಕ್ಯಾಗ ನಮ್ಮಕ್ಕಗ ಬಿಟ್ರ ಯಾರಿಗೂ ಗೊತ್ತಿಲ್ಲ."

ಅಮರಮ್ಮನ ಕೈಯಲ್ಲಿದ್ದ ಪೆನ್ನು ನಿಂತಿತು. ಬೇಟಾ ಎಂದರೆ ಮಗ. ಆ ಸೀಮೆಯಲ್ಲಿ ಅಷ್ಟು ಉರ್ದು ಬಾರದವರು ಯಾರಿದ್ದಾರೆ?

ಆದೆಪ್ಪ ಬಸ್‌ ಸ್ಟ್ಯಾಂಡಿನ ಎದುರಿನ ಕಂಪ್ಯೂಟರ್ ಸೆಂಟರಿನಲ್ಲಿ ಪಾಠ ಹೇಳುತ್ತಿದ್ದ. ಶನಿವಾರ, ಭಾನುವಾರ ಬಿಟ್ಟು ಮಸ್ಕಿಯಿಂದ ದಿನಾ ಬಸ್ಸಿಗೆ ಬಂದು ಹೋಗುತ್ತಿದ್ದ. ಸರದಿಯಲ್ಲಿ ಜವಳಗೇರಾದ ಕೂಲಿ ಮುದುಕಿಯೊಬ್ಬಳು ಹಿಂದೆ ನಿಂತಿದ್ದರೆ ಅವಳನ್ನು ಮುಂದೆ ಕರೆದು, ನಂಬರು ಒತ್ತಿಕೊಟ್ಟು, ಅವಳ ಮಾತು ತನ್ನ ಕಿವಿಗೆ ಬೀಳದಂತೆ ರಸ್ತೆಗೆ ಇಳಿದು ನಿಲ್ಲುತ್ತಿದ್ದ. ಕ್ಯಾಲೆಂಡರ್ ನೋಡುವ ನೆಪದಲ್ಲಿ ಟೇಬಲ್ ಫ್ಯಾನನ್ನು ಅಮರಮ್ಮನ ಕಡೆಗೆ ತಿರುಗಿಸಿ ಹೋಗುತ್ತಿದ್ದ.

ಹೋದ ವಾರ ಅವನು ಇನ್ನೊಂದು ಮಾತು ಹೇಳಿದ್ದ. "ಐತವಾರ ನಮ್ಮಕ್ಕ ನಿಮ್ಮ ಮನಿಗೆ ಬರ್ತೀನಂತಾಳ್ರಿ. ನಿಮ್ಮನ್ನ ಕೇಳಾಕ. ಬರ್ಲೇನ್ರಿ?"

ಅಮರಮ್ಮ ಆಗಲೇ ಒರೆಸಿದ್ದ ಗಾಜನ್ನು ಮತ್ತೆ ಒರೆಸತೊಡಗಿದ್ದಳು. ಗಾಜಿನಲ್ಲಿ ಅವನು ನಗುತ್ತಿರುವುದು ಕಾಣುತ್ತಿತ್ತು. ಅವಳೂ ನಗುತ್ತಿದ್ದದ್ದು ಅವನಿಗೂ ಕಂಡಿರಬೇಕು.

ಈಗ ಅವನು ಹೊರಗೆ ಬಂದ. ಅದೇ ನಗು.

"ಮನ್ಯಾಗ ಬೇಟಾ ಬಂದೈತಂತ," ಎಂದಳು ಅಮರಮ್ಮ, ಅವನ ಮುಖ ನೋಡದೆ.

ಆದೆಪ್ಪ ಬಾಗಿಲ ಕಡೆ ಕಣ್ಣು ಹಾಯಿಸಿ ದನಿ ತಗ್ಗಿಸಿದ. "ಕೇಳಿಸ್ತೇನ್ರಿ? ಯಾರ ಮುಂದೂ ಅನಬ್ಯಾಡ್ರಿ. ಹೊರಗ ಗೊತ್ತಾದ್ರ ಇಸ್ಮಾಯಿಲ್‌ಸಾಬ್‌ಗ ತ್ರಾಸು."

"ಮೊದಲಿನವು ಎಲ್ಲಿ ಅದಾವ?"

"ಒಂದನೇದು ಭಾಳ ದಿನ ಬಾಳ್ಲಿಲ್ಲ. ಎರಡನೇದು ಜೀವಾ ತಿಂತು ನೋಡ್ರಿ. ಏಳ್ತಿತ್ತು, ಒಂಚೂರು ನಡೀತಿತ್ತು, ದಬಕ್ಕನ ಬೀಳ್ತಿತ್ತು. ಕಡೀಗೆ ನಾನ ತೆಗದು ಹಾಕ್ದೆ."

"ತೆಗದು ಹಾಕಿದ್ರಿ."

"ಮತ್ತೇನ್ ಮಾಡ್ಲಿ? ಎರಡಕ್ಕೂ ಜಾಗಾ ಸಾಲಂಗಿಲ್ಲ."

ಅವಳು ಪೆನ್ನಿನ ಟೊಪ್ಪಿಗೆ ಮುಚ್ಚಿದಳು. "ಮತ್ತ ತಾಯಿ?"

ಆದೆಪ್ಪನ ಕಣ್ಣು ಅರಳಿದವು. "ಮದರ್ ಬಗ್ಗೆನೂ ಗೊತ್ತೇನ್ರಿ ನಿಮಗ? ಅದು ಹಳೇದ್ರಿ. ಬದಲು ಮಾಡಬೇಕಂತೀನಿ."

ಅವನು ಹೋಗುವಾಗ ಫ್ಯಾನನ್ನು ಅವಳ ಕಡೆ ತಿರುಗಿಸಿದ. ಅವಳು ಎದ್ದು ಗೋಡೆಯ ಕಡೆ ತಿರುಗಿಸಿಟ್ಟಳು.

ಅಮರಮ್ಮನನ್ನು ಸಾಕಿ, ಕಾಲೇಜು ಓದಿಸಿದವಳು ಸೋದರತ್ತೆ ಬಸವಣ್ಣೆಮ್ಮ. ಅಕ್ಕಿಯಲ್ಲಿ ಹರಳು ಆರಿಸುತ್ತಲೇ ಅವಳು ಎಲ್ಲ ಕೇಳಿದಳು.

"ಮಂದಿಗೆ ಹೇಳಬ್ಯಾಡ ಅಂದ್ನೇನು?"

"ಹೂಂ."

"ಮದರ್ ಹಳೇದಾಗೈತಿ, ಬದಲು ಮಾಡ್ತೀನಂದ?"

"ಹೂಂ ಅತ್ತಿ."

"ಅಂದ್ರ ಹೊಸಾಕಿ ನೀನ." ಬಸವಣ್ಣೆಮ್ಮ ಮೊರ ಕೆಳಗಿಟ್ಟಳು. "ನಾ ಆವಾಗ ಅಂದಿದ್ದೆ. ಅಷ್ಟು ಒಳ್ಳೇತನ ಪುಕ್ಕಟ ಯಾರೂ ಹಂಚಂಗಿಲ್ಲ."

"ಐತವಾರ ಬರಬ್ಯಾಡ್ರಿ ಅಂತ ಹೇಳಿಬಿಡ್ತೀನಿ."

"ಹೇಳೂದು ಇದ್ದ ಐತಿ. ಕಣ್ಣೀಲೆ ನೋಡಿ ಹೇಳೂಣು. ಇಲ್ಲಂದ್ರ ನೀ ಜಲಮಪೂರ್ತಿ ಆ ಗಾಜು ಒರಸ್ಕೋತ ಕುಂದರ್ತಿ."

ಶನಿವಾರ ಬೆಳಗ್ಗೆ ಇಬ್ಬರೂ ಮಸ್ಕಿಯ ಮೇಲೆ ಹೋಗುವ ಲಿಂಗಸುಗೂರಿನ ಬಸ್ಸು ಹತ್ತಿದರು. ಕಾಲುವೆಯ ಹಸಿರು ಹಿಂದೆ ಬಿದ್ದು ಜೋಳದ ಕೂಳೆಯ ಒಣಹೊಲಗಳು ಬಂದವು. ಅಮರಮ್ಮ ಕಿಟಕಿಗೆ ತಲೆಯಾನಿಸಿ ಅವನ ಒಂದೊಂದು ಉಪಕಾರವನ್ನೂ ಮಗುಚಿ ನೋಡುತ್ತಿದ್ದಳು. ಮುದುಕಿಗೆ ಸರದಿ ಬಿಟ್ಟುಕೊಟ್ಟದ್ದು ತನ್ನ ಕಣ್ಣಿಗೆ ಬೀಳಲೆಂದೇ? ಫ್ಯಾನು ತಿರುಗಿಸುವುದನ್ನು ಅವನು ಮನೆಯಲ್ಲಿ ಇನ್ಯಾರಿಗೋ ಮಾಡಿ ಕಲಿತಿದ್ದನೇ? ಸುಳ್ಳು ಹೇಳುವವನಿಗೆ ಅಷ್ಟು ತಿಳಿಯಾದ ಕಣ್ಣು ಹೇಗೆ ಬಂತು? ಸಂಶಯಕ್ಕೆ ಪ್ರತಿಯೊಂದರಲ್ಲೂ ಒಂದು ತೂತು ಸಿಗುತ್ತಿತ್ತು. ಮನಸ್ಸು ಮಾತ್ರ, ಕೇಳಿದ್ದೆಲ್ಲವೂ ಸುಳ್ಳಾಗಿರಲಿ, ಅವನು ಸುಳ್ಳಾಗದಿರಲಿ ಎನ್ನುತ್ತಿತ್ತು.

ಮಸ್ಕಿಯಲ್ಲಿ ಗುಡ್ಡದ ಬುಡಕ್ಕೇ ಮನೆ. ಆದೆಪ್ಪನ ಅಕ್ಕ ಕರೆಮ್ಮ ಬಾಗಿಲಲ್ಲಿ ತಬ್ಬಿಬ್ಬಾಗಿ ನಿಂತಳು. "ನಾವ ನಾಳೆ ಬರೂದಿತ್ತಲ್ರಿ." ಹೇಳುತ್ತಲೇ ತಂಬಿಗೆ ನೀರು ತಂದಳು, ಚಾಪೆ ಹಾಸಿದಳು, ಬಿಸಿಲಿಗೆ ಬಂದವರೆಂದು ಬಸವಣ್ಣೆಮ್ಮನ ಕೈಗೊಂದು ಬೀಸಣಿಗೆ ಕೊಟ್ಟಳು.

ಬಸವಣ್ಣೆಮ್ಮ ಬೀಸಿಕೊಳ್ಳಲಿಲ್ಲ. "ಬೇಟಾನ್ನ ನೋಡಿ ಹೋಗೂಣಂತ ಬಂದ್ವಿ."

ಕರೆಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. "ತಮ್ಮ ಹೇಳ್ಯಾನೇನ್ರಿ? ನನಗ ಯಾರ ಮುಂದೂ ಅನಬ್ಯಾಡಂತ ಆಣಿ ಹಾಕ್ಸ್ಯಾನ. ಒಳಗ ಐತ್ರಿ. ಈಗ ಮಲಗೈತಿ."

ಬಸವಣ್ಣೆಮ್ಮ ಅಮರಮ್ಮನನ್ನು ನೋಡಿದಳು. ಕೇಳಿಸಿತೇ ಎಂಬಂತೆ.

ಅಮರಮ್ಮ ಕೈಚೀಲ ಬಿಚ್ಚಿ ಕೂಸಿನ ತಲೆಗೆ ಕಟ್ಟುವ ಪುಟ್ಟದೊಂದು ಕುಲಾಯಿ ಹೊರತೆಗೆದಳು. ಬಸ್ಸು ಹತ್ತುವ ಮುಂಚೆ ಅತ್ತೆಗೆ ಕಾಣದಂತೆ ಕೊಂಡಿದ್ದಳು. ತಪ್ಪು ಯಾರದೇ ಇರಲಿ, ಕೂಸಿನದಲ್ಲ. ಮೊದಲ ಸಲ ನೋಡುವ ಕೂಸಿನ ಮುಂದೆ ಬರಿಗೈಯಲ್ಲಿ ಹೇಗೆ ನಿಲ್ಲುವುದು?

"ಇದನ್ನ ಅದಕ್ಕ ಹಾಕ್ರಿ," ಎಂದಳು. "ದಿನಾ ಇಷ್ಟೊತ್ತಿಗೇ ಮಲಗ್ತೈತೇನ್ರಿ?"

"ಇಲ್ರೀ, ಕರೆಂಟ್ ಹೋತಂದ್ರ ಮಲಗಿಬಿಡ್ತೈತಿ." ಕರೆಮ್ಮ ಕುಲಾಯಿ ಯಾಕೆಂದು ತಿಳಿಯದೆ ನೋಡುತ್ತಿದ್ದಳು.

ಬಸವಣ್ಣೆಮ್ಮನ ಹುಬ್ಬು ಮೇಲೇರಿತು. "ಕರೆಂಟ್ ಹೋದ್ರ ಮಲಗೂ ಕೂಸು ಯಾವದವ್ವಾ?"

ಅಷ್ಟರಲ್ಲಿ ತಲೆಯ ಮೇಲಿನ ಫ್ಯಾನು ಮೆಲ್ಲಗೆ ತಿರುಗಿತು. ಒಳಕೋಣೆಯಲ್ಲಿ ಏನೋ ಪೀಂ ಅಂದಿತು.

"ಎದ್ದಿತ್ರಿ," ಎಂದಳು ಕರೆಮ್ಮ.

ಕೆದರಿದ ಕೂದಲು, ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದು ಆದೆಪ್ಪ ಹೊರಗೆ ಬಂದ. ಅವರನ್ನು ಕಂಡು ಅಲ್ಲೇ ನಿಂತ. ಅವನ ಹಿಂದೆ, ಮೇಜಿನ ಮೇಲೆ, ಕವಚ ಬಿಚ್ಚಿದ ಕಂಪ್ಯೂಟರಿನ ಪರದೆ ಬೆಳಗುತ್ತಿತ್ತು. ಕೋಣೆಯಲ್ಲಿ ಮತ್ತೆ ಯಾವ ಜೀವವೂ ಇರಲಿಲ್ಲ.

"ಬೇಟಾ ಎಲ್ಲಪ್ಪಾ?" ಬಸವಣ್ಣೆಮ್ಮ ಕೇಳಿದಳು.

ಅವನು ಹಿಂದೆ ಬೆರಳು ತೋರಿಸಿದ.

"ಹೊಸಾ ಆಪರೇಟಿಂಗ್ ಸಿಸ್ಟಮ್ ರೀ. ಪ್ಯಾಟಿಗೆ ಬರೂ ಮೊದ್ಲ ಕಚ್ಚಾ ಕಾಪಿ ಕೊಡ್ತಾರ. ನಾವು ಓಡ್ಸಿ, ಎಲ್ಲಿ ಕೆಡ್ತೈತಿ ಅಂತ ಹೇಳಬೇಕು. ಆ ಕಾಪಿಗೆ ಬೀಟಾ ಅಂತಾರ. ಒಂದಾದ ಮ್ಯಾಲ ಒಂದು ಬರ್ತಾವ. ಬಿಡುಗಡಿ ಆಗೂತನ ಯಾರಿಗೂ ತೋರ್ಸಬಾರ್ದಂತ ಕರಾರು. ಹೈದರಾಬಾದಿಂದ ಇದನ್ನ ಕಳಸೂ ಇಸ್ಮಾಯಿಲ್‌ಸಾಬ್ ಬೇಟಾ ಅಂತಾರ, ಅದ ನಮ್ಮ ಮನಿಮಂದಿ ಬಾಯಾಗೂ..."

ಮಾತು ಅಲ್ಲಿಗೆ ನಿಂತಿತು. ಅವನ ಕಣ್ಣು ಕುಲಾಯಿಯ ಮೇಲಿತ್ತು. ಬೂತಿನಲ್ಲಿ ಆಡಿದ ಒಂದೊಂದು ಮಾತೂ ಅವನ ಮುಖದ ಮೇಲೆ ಹಾದುಹೋಗುವುದನ್ನು ಅಮರಮ್ಮ ನೋಡಿದಳು. ಕಿವಿಯವರೆಗೂ ಕೆಂಪಾದ.

"ಮತ್ತ ಆ ಹಳೇ ಮದರ್?" ಬಸವಣ್ಣೆಮ್ಮ ಬಿಡಲಿಲ್ಲ.

"ಮದರ್‌ಬೋರ್ಡ್ ರೀ ಅತ್ತಿ. ಒಳಗಿನ ಹಲಗಿ."

ಬಸವಣ್ಣೆಮ್ಮ ಬೀಸಣಿಗೆಯಲ್ಲಿ ಮುಖ ಮುಚ್ಚಿಕೊಂಡಳು. ಭುಜಗಳು ಕುಲುಕತೊಡಗಿದವು. ಕರೆಮ್ಮ ಏನೂ ತಿಳಿಯದೆಯೇ ನಕ್ಕು, ಚಹಾ ಇಡುತ್ತೇನೆಂದು ಅವಳನ್ನು ಅಡುಗೆಮನೆಗೆ ಕರೆದೊಯ್ದಳು.

ಆದೆಪ್ಪ ಅಮರಮ್ಮನ ಕೈಯಲ್ಲಿದ್ದ ಕುಲಾಯಿಯನ್ನು ಎರಡೂ ಕೈಯಲ್ಲಿ ಇಸಿದುಕೊಂಡ. "ನಾ ಮೋಸಗಾರ ಅಂತ ತಿಳ್ಕೊಂಡು ಬಂದ್ರಿ. ಆದ್ರೂ ಇದನ್ನ ತಂದ್ರಿ."

"ಮೋಸ ನಿಮ್ಮದು ಅನ್ಕೊಂಡಿದ್ದೆ. ಕೂಸಿಂದಲ್ಲ."

"ಇನ್ನೂ ಸಂಶಯ ಐತೇನ್ರಿ?"

"ಒಂಚೂರು ಐತಿ."

"ಏನು?"

"ಮುಂದ ಮನ್ಯಾಗ ಮನಷ್ಯಾರು ಇದ್ರ ಅವರ ಕಡೀನೂ ನೋಡ್ತೀರೋ, ಇದರ ಮುಂದ ಕುಂತಿರ್ತೀರೋ ಅಂತ."

ಅವನು ಕೈ ಚಾಚಿ ಪರದೆ ಆರಿಸಿದ. ಆಮೇಲೆ ಅವಳನ್ನೇ ನೋಡಿದ. ನಡುವೆ ಗಾಜು, ಕೌಂಟರು ಏನೂ ಇಲ್ಲದ ಆ ನೋಟದಿಂದ ಅಮರಮ್ಮ ಈ ಸಲ ತಪ್ಪಿಸಿಕೊಳ್ಳಲಿಲ್ಲ.

"ಇದನ್ನ ನಾ ಇಟ್ಕೊಂತೀನ್ರಿ," ಎಂದ ಮೆಲ್ಲಗೆ. "ಎಂದರ ಬೇಕಾಗ್ತೈತಿ."

ಅವಳು ಕುಲಾಯಿಯನ್ನು ಅವನ ಕೈಯಿಂದ ತೆಗೆದುಕೊಂಡು ಮಡಚಿ ಚೀಲದಲ್ಲಿಟ್ಟಳು. ಅವನ ಮುಖ ಬಾಡಿತು.

"ನಿಮ್ಮಕ್ಕ ನಾಳೆ ಬರ್ಲಿ," ಎಂದಳು ಅಮರಮ್ಮ. "ಮುಂದ ಒಂದ ಮನ್ಯಾಗ ಇರವ್ರು ನಾವು. ಕುಲಾಯಿ ಯಾರ ಕಡಿ ಇದ್ರೇನು?"