ಲೋಳೆ ಕಟ್ಟದ ಸಿಂಕ್

ಬೆಳಿಗ್ಗೆ ಠಾಣೆಗೆ ಬಂದ ಹೆಂಗಸು, ಇನ್‌ಸ್ಪೆಕ್ಟರ್ ಕುರ್ಚಿ ತೋರಿಸಿದರೂ ಕೂರಲಿಲ್ಲ.

"ನಮ್ಮ ಯಜಮಾನ್ರು ಬಸ್ ಓಡಿಸ್ತಿದ್ರು ಮೇಡಂ. ಮೊಣಕಾಲಿಗೆ ಸಣ್ಣ ಆಪರೇಷನ್, ಅಷ್ಟೇ. ಕೀವಾಗಿ ಈಗ ಕಾಲನ್ನೇ ತೆಗೆದ್ಬಿಟ್ರು. ಪಕ್ಕದ ಮಂಚದವರ ಹೊಲಿಗೇಲೂ ಕೀವು. ಕೇಳಿದ್ರೆ ಹಣೆಬರಹ ಅಂತಾರೆ."

ಇನ್‌ಸ್ಪೆಕ್ಟರ್ ಎಫ್‌ಐಆರ್ ದಾಖಲಿಸಿದರು. ಅಂದೇ ಹೆಡ್ ಕಾನ್‌ಸ್ಟೇಬಲ್ ಜೊತೆ ಆಸ್ಪತ್ರೆಗೆ ಹೋಗಿ, ಆಪರೇಷನ್‌ಗೆ ಮೊದಲು ಚರ್ಮಕ್ಕೆ ಹಚ್ಚುವ ಗುಲಾಬಿ ಬಣ್ಣದ ಔಷಧದ ಬಾಟಲಿಗಳನ್ನು ಪಂಚರ ಸಮಕ್ಷಮ ವಶಪಡಿಸಿಕೊಂಡು ಪಂಚನಾಮೆ ಬರೆಸಿದರು. ಪ್ರಯೋಗಾಲಯದ ವರದಿ ಚಿಕ್ಕದಾಗಿತ್ತು: ಬಣ್ಣದ ನೀರು. ಉಗ್ರಾಣದ ಸೀಲಾದ ಕ್ಯಾನ್‌ಗಳಲ್ಲಿ ಮಾತ್ರ ಅಸಲಿ ಔಷಧವೇ ಇತ್ತು.

ಆಪರೇಷನ್ ಮಾಡಿದ್ದ ಸರ್ಜನ್ ಆ ವರದಿಯನ್ನು ಎರಡೆರಡು ಸಲ ಓದಿದರು.

"ಈ ಔಷಧ ಏನು ಮಾಡುತ್ತೆ ಡಾಕ್ಟ್ರೇ?"

"ಬ್ಯಾಕ್ಟೀರಿಯಾದ ಹೊರಪೊರೆ ಹರಿದುಹಾಕುತ್ತೆ. ಒಳಗಿರೋದೆಲ್ಲ ಸೋರಿಹೋಗಿ ಅದು ಸಾಯುತ್ತೆ."

"ಅಲ್ಲಿಗೆ ಮುಗೀತಾ?"

"ಇಲ್ಲ. ಬರೀ ಸ್ಪಿರಿಟ್ ಆದ್ರೆ ಆರಿದ ಮೇಲೆ ಮುಗೀತು. ಇದು ಅಂಟಿಕೊಂಡೇ ಇರುತ್ತೆ. ಆಮೇಲೆ ಬರೋವನ್ನೂ ಗಂಟೆಗಟ್ಟಲೆ ಕೊಲ್ತಾನೇ ಇರುತ್ತೆ."

ಹೊರಗೆ ಬಂದ ಮೇಲೆ ಹೆಡ್ ಕಾನ್‌ಸ್ಟೇಬಲ್ ಅಂದ, "ಯಾರೋ ಕದ್ದು ಮಾರ್ಕೊಂಡಿದ್ದಾರೆ ಮೇಡಂ."

ಊರಿನ ಔಷಧದಂಗಡಿಗಳನ್ನೆಲ್ಲ ಸುತ್ತಿ ಅವನ ಚಪ್ಪಲಿ ಸವೆದದ್ದೇ ಬಂತು. ಇನ್‌ಸ್ಪೆಕ್ಟರ್ ಪಟ್ಟು ಬಿಡಲಿಲ್ಲ. ಮಾರಿಲ್ಲ ಅಂದರೆ ಚೆಲ್ಲಿರಬೇಕು. ಆಸ್ಪತ್ರೆಯ ಒಂದೊಂದೇ ಸಿಂಕಿನ ಜಾಲರಿ ಬಿಚ್ಚಿಸಿದರು. ಎಲ್ಲದರಲ್ಲೂ ಕಪ್ಪು ಲೋಳೆ. ಆಪರೇಷನ್ ಥಿಯೇಟರಿನ ಹಿಂದಿನ ಕೋಣೆಯ ಸಿಂಕಿನಲ್ಲಿ ಮಾತ್ರ ಪೈಪು ಫಳಫಳ ಹೊಳೆಯುತ್ತಿತ್ತು.

"ನಮ್ಮನೆ ಹಾಲಿನ ಪಾತ್ರೇನೂ ಇಷ್ಟು ಚೆನ್ನಾಗಿಲ್ಲ," ಎಂದ ಹೆಡ್ ಕಾನ್‌ಸ್ಟೇಬಲ್.

"ದಿನಾ ಔಷಧ ಇಲ್ಲೇ ಸುರಿದಿದ್ದಾರೆ. ಲೋಳೆ ಕಟ್ಟೋಕೆ ಅದು ಬಿಟ್ಟಿಲ್ಲ."

ಪೈಪಿನ ಒಳಗೋಡೆ ಒರೆಸಿದ ಹತ್ತಿಯಲ್ಲಿ ಪ್ರಯೋಗಾಲಯಕ್ಕೆ ಅಸಲಿ ಔಷಧ ಸಿಕ್ಕಿತು. ಆ ಕೋಣೆ ಥಿಯೇಟರ್ ಅಟೆಂಡರ್‌ನ ಸುಪರ್ದಿಯಲ್ಲಿತ್ತು. ಎಲ್ಲರೂ 'ಅಣ್ಣ' ಎಂದೇ ಕರೆಯುತ್ತಿದ್ದ, ತಲೆ ನರೆತ ಮನುಷ್ಯ.

"ಬೀಗದಕೈ?"

"ನನ್ನ ಹತ್ರಾನೇ ಇರುತ್ತೆ."

"ಬೇರೆ ಯಾರಿಗಾದ್ರೂ ಕೊಡ್ತೀರಾ?"

"ಇಲ್ಲ."

"ಚೆಲ್ಲಿದ್ದು ಯಾಕೆ?"

ಅವನು ತನ್ನ ಅಂಗೈ ನೋಡಿಕೊಂಡ. "ನನ್ನ ತಂಗಿ ಹೆರಿಗೆ ಆಪರೇಷನ್‌ಗೆ ಬಂದಿದ್ಲು. ಔಷಧ ಹಚ್ಚಿದವನು ನಾನೇ. ಮೈಯೆಲ್ಲ ದದ್ದೆದ್ದು ಉಸಿರು ಕಟ್ಟಿತು. 'ಅಣ್ಣಾ, ಉರಿ' ಅಂದ್ಳು. ಅದೇ ಕಡೇ ಮಾತು. ಲಕ್ಷಕ್ಕೊಬ್ಬರಿಗೆ ಹಾಗಾಗುತ್ತೆ ಅಂದ್ರು ಡಾಕ್ಟ್ರು. ಮುಂದೆ ಮಲಗಿರೋರೇ ಆ ಒಬ್ಬರಾಗಿದ್ರೆ?"

"ಕಾಲು ಹೋದವರನ್ನ ನೋಡಿದ್ರಾ?"

"ನೋಡ್ದೆ. ಆದ್ರೂ ಹಚ್ಚೋಕೆ ಕೈ ಬರಲಿಲ್ಲ."

"ಕೆಲಸ ಬಿಡಬಹುದಿತ್ತಲ್ಲ?"

"ಬಿಟ್ರೆ ಇನ್ನೊಬ್ಬ ಬಂದು ಅದನ್ನೇ ಹಚ್ತಿದ್ದ."

ಸಂಜೆ ಅವನನ್ನು ಬಂಧಿಸಲಾಯಿತು. ಠಾಣೆಯಲ್ಲಿ ಕಾದಿದ್ದ ಡ್ರೈವರನ ಹೆಂಡತಿಗೆ ಇನ್‌ಸ್ಪೆಕ್ಟರ್ ಎಲ್ಲವನ್ನೂ ಹೇಳಿದರು. ಆಕೆ ಈ ಸಲ ಕುರ್ಚಿಯಲ್ಲಿ ಕೂತಳು.

"ಆ ತಂಗಿ ಮಗು?"

"ಬದುಕಿದೆ. ಇವರೇ ಸಾಕ್ತಿದ್ರು."

ಆಕೆ ಸೆರಗು ಸರಿಮಾಡಿಕೊಂಡಳು.

"ಕಂಪ್ಲೇಂಟ್ ವಾಪಸ್ ತಗೊಳ್ಳಲ್ಲ ಮೇಡಂ," ಎಂದು ಎದ್ದಳು. "ಆದ್ರೆ ಆ ಮಗು ಇವತ್ತು ಯಾರ ಹತ್ರ ಮಲಗುತ್ತೆ, ಸ್ವಲ್ಪ ವಿಚಾರಿಸಿ."